ಮೂಗಲ್ಲಿ ರಕ್ತ, ಮಳೆ ಜ್ವರ, ಬ್ಲಡ್ ಗ್ರೂಪ್ ಹೊಂದಾಣಿಕೆ: ಅನಿಮೆ ಲವ್ ಸ್ಟೋರಿಗಳಲ್ಲಿ ನಿಜ ಎಷ್ಟು?

ಕಳೆದ ತಿಂಗಳು ನಮಗೊಂದು ವಾಟ್ಸಾಪ್ ಮೆಸೇಜ್ ಬಂತು. ಕಳಿಸಿದವರು ಜಪಾನಿನ ರೊಮ್ಯಾಂಟಿಕ್ ಕಾಮಿಡಿ ಅನಿಮೆಗಳ ಅಭಿಮಾನಿ. ಜೊತೆಗೆ ಎರಡು ಸ್ಕ್ರೀನ್‌ಶಾಟ್ ಇದ್ದವು. ಮೊದಲನೆಯದು ಒಂದು ಅನಿಮೆ ನಾಯಕಿಯ ಪರಿಚಯ: ಹೆಸರು, ಹುಟ್ಟಿದ ದಿನ, ಎತ್ತರ, ಇಷ್ಟದ ತಿಂಡಿ, ಬ್ಲಡ್ ಗ್ರೂಪ್. ಎರಡನೆಯದು ಅವರ ಫ್ಯಾಮಿಲಿ ಗ್ರೂಪಿಗೆ ಬಂದಿದ್ದ ಫಾರ್ವರ್ಡ್: ಗಂಡ ಹೆಂಡತಿ ಇಬ್ಬರದೂ ಒಂದೇ ಬ್ಲಡ್ ಗ್ರೂಪ್ ಆಗಿದ್ದರೆ ಹುಟ್ಟುವ ಮಕ್ಕಳಿಗೆ ತೊಂದರೆ ಗ್ಯಾರಂಟಿ, ಎಲ್ಲರಿಗೂ ಕಳಿಸಿ, ಒಂದು ಸಂಸಾರ ಉಳಿಸಿ.

ಅದರ ಕೆಳಗೆ ಪ್ರಶ್ನೆ: "ಅಕ್ಕನಿಗೆ ಒಳ್ಳೆ ಸಂಬಂಧ ಬಂದಿದೆ ಸರ್. ಹುಡುಗಂದೂ ಅಕ್ಕಂದೂ ಓ ಪಾಸಿಟಿವ್. ಇದನ್ನ ಓದಿ ಅಮ್ಮ ಹಿಂದೆಮುಂದೆ ನೋಡ್ತಿದಾರೆ. ಜಪಾನಿನವರೂ ಬ್ಲಡ್ ಗ್ರೂಪ್ ನೋಡ್ತಾರಲ್ಲ, ಇದರಲ್ಲಿ ಏನಾದ್ರೂ ಸೈನ್ಸ್ ಇದ್ಯಾ?"

ಪ್ರಶ್ನೆ ಚೆನ್ನಾಗಿದೆ. ಉತ್ತರ ಹುಡುಕಲು ಕೂತಾಗ ಇಂಥ ಕಥೆಗಳಲ್ಲಿ ದೇಹದ ಬಗ್ಗೆ ಇನ್ನೂ ಕೆಲವು 'ಸತ್ಯ'ಗಳು ಮತ್ತೆ ಮತ್ತೆ ಬರುವುದು ನೆನಪಾಯಿತು. ಅವುಗಳನ್ನೂ ಇಲ್ಲೇ ನೋಡಿಬಿಡೋಣ. ಅಕ್ಕನ ಮದುವೆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇವೆ.

ಗೊತ್ತಿಲ್ಲದವರಿಗೆ ಎರಡೇ ಮಾತು. ಮಾಂಗಾ ಎಂದರೆ ಜಪಾನಿನ ಚಿತ್ರಕಥೆ. ಅಲ್ಲಿನ ವಾರಪತ್ರಿಕೆ, ಮಾಸಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದು ಆಮೇಲೆ ಪುಸ್ತಕವಾಗುತ್ತದೆ. ಅನಿಮೆ ಎಂದರೆ ಅಲ್ಲಿನ ಆನಿಮೇಷನ್. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳಲ್ಲಿ ಹೊಸ ಸರಣಿಗಳು ಶುರುವಾಗುತ್ತವೆ, ಸಾಮಾನ್ಯವಾಗಿ ಒಂದು ಸೀಸನ್‌ಗೆ 12-13 ಕಂತು. ರೊಮ್ಯಾಂಟಿಕ್ ಕಾಮಿಡಿ ಅಂದರೆ ಹೆಚ್ಚಾಗಿ ಹೈಸ್ಕೂಲ್ ಹುಡುಗ ಹುಡುಗಿ, ಮನಸ್ಸಿನಲ್ಲಿ ಪ್ರೀತಿ, ಬಾಯಲ್ಲಿ ಮಾತಿಲ್ಲ. ನೂರು ಕಂತಾದರೂ ಹೇಳುವುದಿಲ್ಲ. ಅದೇ ಮಜಾ. ಬಾಯಿ ಹೇಳದ್ದನ್ನು ದೇಹ ಹೇಳಬೇಕು, ಹಾಗಾಗಿ ಕೆನ್ನೆ ಕೆಂಪಾಗುತ್ತದೆ, ಎದೆ ಡವಡವ ಎನ್ನುತ್ತದೆ, ಜ್ವರ ಬರುತ್ತದೆ, ಮೂಗಿನಿಂದ ರಕ್ತ ಚಿಮ್ಮುತ್ತದೆ.

ಸುಂದರಿಯನ್ನು ನೋಡಿದರೆ ಮೂಗಲ್ಲಿ ರಕ್ತ ಬರುತ್ತಾ?

ಇಲ್ಲ.

ಇದು ಮಾಂಗಾ ಚಿತ್ರಕಾರರ ಒಂದು ಸಂಕೇತ. ಹುಡುಗನ ಮನಸ್ಸಿನಲ್ಲಿ ತುಂಟ ಯೋಚನೆ ಬಂತು ಅನ್ನುವುದನ್ನು ಒಂದೇ ಚಿತ್ರದಲ್ಲಿ ತೋರಿಸುವ ಉಪಾಯ. ನಮ್ಮ ಸಿನಿಮಾದಲ್ಲಿ ಎರಡು ಹೂವು ಒಂದಕ್ಕೊಂದು ತಾಗುತ್ತಿದ್ದವಲ್ಲ, ಅಂಥದ್ದೇ. 'ಡ್ರ್ಯಾಗನ್ ಬಾಲ್'ನ ಮಾಸ್ಟರ್ ರೋಶಿ ಎಂಬ ಮುದುಕನನ್ನು ನೋಡಿದವರಿಗೆ ಇದು ಚೆನ್ನಾಗಿ ಗೊತ್ತು. 'ಒನ್ ಪೀಸ್'ನ ಸಾಂಜಿಯಂತೂ ಮತ್ಸ್ಯಕನ್ಯೆಯರನ್ನು ನೋಡಿ ಮೂಗಿನ ರಕ್ತ ಹೋಗಿ ಹೋಗಿ, ಬೇರೆಯವರ ರಕ್ತ ಕೊಡಿಸಬೇಕಾದ ಸ್ಥಿತಿಗೆ ಬರುತ್ತಾನೆ.

ಉದ್ವೇಗವಾದಾಗ ರಕ್ತದೊತ್ತಡ ಸ್ವಲ್ಪ ಹೊತ್ತು ಏರುವುದು ನಿಜ. ಆದರೆ ಬಸ್ಸಿನ ಹಿಂದೆ ಓಡಿದಾಗಲೂ, ಮೂರು ಮಹಡಿ ಮೆಟ್ಟಿಲು ಹತ್ತಿದಾಗಲೂ ಅದು ಏರುತ್ತದೆ. ಅಷ್ಟಕ್ಕೆ ಆರೋಗ್ಯವಾಗಿರುವ ಮೂಗಿನ ರಕ್ತನಾಳ ಒಡೆಯುವುದಿಲ್ಲ. ಮೂಗಿನ ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗದಲ್ಲಿ ಸಣ್ಣ ರಕ್ತನಾಳಗಳ ಒಂದು ಜಾಲ ಇದೆ. ಹತ್ತರಲ್ಲಿ ಸುಮಾರು ಒಂಬತ್ತು ಸಲ ರಕ್ತ ಬರುವುದು ಅಲ್ಲಿಂದಲೇ. ಕಾರಣಗಳು ಬಹಳ ಸಾಮಾನ್ಯವಾದವು: ಒಣಹವೆ, ನೆಗಡಿ, ಅಲರ್ಜಿ, ಪೆಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಮೂಗಿನಲ್ಲಿ ಬೆರಳು ಹಾಕುವುದು. ಇಷ್ಟು ನೀರಸವಾದ ಕಾರಣವನ್ನು ಲವ್ ಸ್ಟೋರಿಯಲ್ಲಿ ತೋರಿಸಲು ಆಗುತ್ತದೆಯೇ?

ಜಪಾನಿನಲ್ಲಿ ಇದಕ್ಕೆ ಇನ್ನೊಂದು ನಂಬಿಕೆಯೂ ಅಂಟಿಕೊಂಡಿದೆ. ಚಾಕೊಲೇಟ್ ಜಾಸ್ತಿ ತಿಂದರೆ ಮೂಗಲ್ಲಿ ರಕ್ತ ಬರುತ್ತದೆ ಎಂದು. ಫೆಬ್ರವರಿ 14ಕ್ಕೆ ಅಲ್ಲಿ ಹುಡುಗಿಯರು ಹುಡುಗರಿಗೆ ಚಾಕೊಲೇಟ್ ಕೊಡುತ್ತಾರೆ, ಹುಡುಗರು ಮಾರ್ಚ್ 14ಕ್ಕೆ ಪ್ರತಿಯಾಗಿ ಏನಾದರೂ ಕೊಡುತ್ತಾರೆ. ರೊಮ್ಯಾಂಟಿಕ್ ಕಾಮಿಡಿ ನೋಡುವವರಿಗೆ ಇದು ನಮ್ಮ ಯುಗಾದಿಯಷ್ಟೇ ಪರಿಚಿತ. ಚಾಕೊಲೇಟಿನ ಈ ಮಾತಿಗೆ ವೈದ್ಯಕೀಯ ಆಧಾರವಿಲ್ಲ. ಹಲಸಿನಹಣ್ಣು, ಮಾವಿನಹಣ್ಣು ತಿಂದು ಉಷ್ಣವಾಗಿ ಮೂಗಲ್ಲಿ ರಕ್ತ ಬಂತು ಎಂದು ನಮ್ಮ ಮನೆಗಳಲ್ಲೂ ಹೇಳುತ್ತಾರಲ್ಲ! ಹಣ್ಣಿನ ಕಾಲವೂ ಬೇಸಿಗೆಯ ಒಣಹವೆಯೂ ಒಟ್ಟಿಗೇ ಬರುತ್ತವೆ. ಬೈಗುಳ ಮಾತ್ರ ಹಣ್ಣಿಗೆ.

ರಕ್ತ ಯಾಕೆ ಬಂತು ಅನ್ನುವುದಕ್ಕಿಂತ ಬಂದಾಗ ಏನು ಮಾಡಬೇಕು ಅನ್ನುವುದು ಮುಖ್ಯ. ಅನಿಮೆಯಲ್ಲಿ ಹುಡುಗ ತಲೆ ಹಿಂದಕ್ಕೆ ವಾಲಿಸುತ್ತಾನೆ, ಟಿಶ್ಯೂ ಸುರುಳಿ ಮಾಡಿ ಮೂಗಿಗೆ ತುರುಕುತ್ತಾನೆ. ನಮ್ಮಲ್ಲಿ ಮಲಗಿಸಿ ತಲೆಗೆ ತಣ್ಣೀರು ಸುರಿಯುತ್ತಾರೆ. ಇದ್ಯಾವುದೂ ಬೇಡ. ತಲೆ ಹಿಂದೆ ವಾಲಿಸಿದರೆ ರಕ್ತ ನಿಲ್ಲುವುದಿಲ್ಲ, ಗಂಟಲಿಗೆ ಇಳಿಯುತ್ತದೆ ಅಷ್ಟೆ. ವಾಂತಿಯಾಗಬಹುದು, ಉಸಿರುಗಟ್ಟಬಹುದು. ನೇರವಾಗಿ ಕೂತು ಸ್ವಲ್ಪ ಮುಂದಕ್ಕೆ ಬಾಗಿ. ಮೂಗಿನ ಮೂಳೆಯ ಕೆಳಗಿನ ಮೆತ್ತಗಿನ ಭಾಗವನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದು ಬಾಯಲ್ಲಿ ಉಸಿರಾಡಿ. 10ರಿಂದ 15 ನಿಮಿಷ ಬಿಡಬೇಡಿ. ನಿಂತಿತಾ ನೋಡೋಣ ಎಂದು ಎರಡೆರಡು ನಿಮಿಷಕ್ಕೆ ಬೆರಳು ತೆಗೆದರೆ ಪ್ರಯೋಜನವಿಲ್ಲ. ಅರ್ಧ ಗಂಟೆಯಾದರೂ ನಿಲ್ಲದಿದ್ದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ಬಂದಿದ್ದರೆ, ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ಬಂದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು.

ಮಳೆಯಲ್ಲಿ ನೆನೆದರೆ ಮರುದಿನ ಜ್ವರ?

ಇಂಥ ಸರಣಿಗಳಲ್ಲಿ ಒಂದು ಮಳೆ ಇದ್ದೇ ಇರುತ್ತದೆ. ಇರುವುದು ಒಂದೇ ಕೊಡೆ. ಜಪಾನಿನ ಮಕ್ಕಳು ಪ್ರೇಮಿಗಳ ಹೆಸರನ್ನು ಕೊಡೆಯ ಚಿತ್ರದ ಕೆಳಗೆ ಬರೆಯುತ್ತಾರೆ, ನಮ್ಮವರು ಹೃದಯ ಬರೆದು ಬಾಣ ಬಿಡುವ ಹಾಗೆ. ಇಬ್ಬರಲ್ಲೊಬ್ಬರು ನೆನೆಯುತ್ತಾರೆ, ಮರುದಿನ ಜ್ವರ, ಇನ್ನೊಬ್ಬರು ನೋಡಲು ಮನೆಗೆ ಬಂದು 'ಓಕಾಯು' ಮಾಡಿ ಕೊಡುತ್ತಾರೆ. ಓಕಾಯು ಅಂದರೆ ಬೇರೇನಲ್ಲ, ಅಕ್ಕಿ ಗಂಜಿ. ಉಪ್ಪಿನಕಾಯಿ ಬದಲು ಉಪ್ಪಿಗೆ ಹಾಕಿದ ಒಂದು ಹುಳಿ ಹಣ್ಣು ನೆಂಚಿಕೊಳ್ಳುತ್ತಾರೆ.

ನೆಗಡಿ ಬರುವುದು ವೈರಸ್‌ನಿಂದ, ಮಳೆನೀರಿನಿಂದಲ್ಲ. ವೈರಸ್ ಒಳಗೆ ಹೋಗಿ ಲಕ್ಷಣ ಕಾಣಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಹಾಗೆಂದು ಅಜ್ಜಿಯ ಮಾತನ್ನು ಪೂರ್ತಿ ತಳ್ಳಿಹಾಕುವ ಹಾಗೂ ಇಲ್ಲ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 90 ಜನರ ಕಾಲನ್ನು ತಣ್ಣೀರಿನಲ್ಲಿ ಇಡಿಸಿದರು, ಇನ್ನು 90 ಜನರ ಕಾಲನ್ನು ಖಾಲಿ ಪಾತ್ರೆಯಲ್ಲಿ. ಮುಂದಿನ ನಾಲ್ಕೈದು ದಿನಗಳಲ್ಲಿ ತಣ್ಣೀರಿನವರಲ್ಲಿ 13 ಜನ, ಇನ್ನೊಂದು ಗುಂಪಿನಲ್ಲಿ 5 ಜನ ನೆಗಡಿಯಾಗಿದೆ ಎಂದರು. ಮೊದಲೇ ಒಳಗೆ ಕೂತಿದ್ದ ವೈರಸ್‌ಗೆ ಚಳಿ ಅವಕಾಶ ಮಾಡಿಕೊಟ್ಟಿರಬಹುದು ಎಂಬುದು ಸಂಶೋಧಕರ ಊಹೆ. ಆದರೆ ಯಾರ ಮೂಗಿನಲ್ಲೂ ವೈರಸ್ ಇದೆಯೇ ಎಂದು ಅವರು ಪರೀಕ್ಷಿಸಿರಲಿಲ್ಲ, ಜನ ಹೇಳಿದ್ದನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರು. ಹಾಗಾಗಿ ಇದನ್ನು ಕೊನೆಯ ಮಾತು ಎನ್ನಲಾಗದು. ಇನ್ನು, ಒಬ್ಬರು ಕುಡಿದ ಬಾಟಲಿಯನ್ನೇ ಇನ್ನೊಬ್ಬರು ಕುಡಿದು 'ಪರೋಕ್ಷ ಮುತ್ತು' ಎಂದು ಕೆಂಪಾಗುವ ದೃಶ್ಯ ಇರುತ್ತದಲ್ಲ, ನಮಗೆ ಮಳೆಗಿಂತ ಆ ಬಾಟಲಿಯ ಮೇಲೇ ಅನುಮಾನ ಜಾಸ್ತಿ.

ಕಥೆಯಲ್ಲಿ ಈ ಜ್ವರ ಒಂದೇ ರಾತ್ರಿಗೆ ಇಳಿಯುತ್ತದೆ. ನಮ್ಮ ಮಳೆಗಾಲದಲ್ಲಿ ಹಾಗೆ ನಂಬಿ ಕೂರಬೇಡಿ. ದೊಡ್ಡವರಿಗೆ ಬರಿ ನೆಗಡಿಯಲ್ಲಿ ಜೋರು ಜ್ವರ ಬರುವುದು ಕಡಿಮೆ. ಎರಡು ದಿನ ದಾಟಿದ ಜ್ವರ, ಮೈಕೈ ನೋವು, ಕಣ್ಣಿನ ಹಿಂದೆ ನೋವು ಇದ್ದರೆ ಮಳೆಯಲ್ಲಿ ನೆನೆದಿದ್ದಕ್ಕೆ ಎಂದು ಸುಮ್ಮನಾಗದೆ ಡೆಂಗಿ ಪರೀಕ್ಷೆ ಮಾಡಿಸಿ.

ಪ್ರೀತಿಯಿಂದ ಹೃದಯಕ್ಕೆ ಕಾಯಿಲೆ?

ಇಲ್ಲಿ 'ಕಗುಯಾ-ಸಾಮಾ: ಲವ್ ಈಸ್ ವಾರ್' ಸರಣಿಯ ಹೆಸರು ಹೇಳಲೇಬೇಕು. ಅಕಾ ಅಕಸಾಕಾ 2015ರಿಂದ 2022ರವರೆಗೆ ಬರೆದ ಮಾಂಗಾ, 28 ಸಂಪುಟ. ಅನಿಮೆಯಾಗಿ 2019, 2020, 2022ರಲ್ಲಿ ಮೂರು ಸೀಸನ್ ಬಂತು. ಇಬ್ಬರು ಅತಿಬುದ್ಧಿವಂತರು, ಯಾರು ಮೊದಲು 'ಐ ಲವ್ ಯೂ' ಹೇಳುತ್ತಾರೋ ಅವರು ಸೋತಂತೆ ಎಂದು ಹಟ ಹಿಡಿಯುವ ಕಥೆ. (ಎರಡನೇ ಸೀಸನ್ ನೋಡದವರು ಮುಂದಿನ ಮೂರು ವಾಕ್ಯ ಬಿಟ್ಟು ಓದಿ.) ಅದರಲ್ಲಿ ಕಗುಯಾಳ ಎದೆ ಹುಡುಗನ ಹತ್ತಿರ ಹೋದಾಗೆಲ್ಲ ಎಷ್ಟು ಹೊಡೆದುಕೊಳ್ಳುತ್ತದೆ ಎಂದರೆ ಅವಳು ಕುಸಿದು ಆಸ್ಪತ್ರೆ ಸೇರುತ್ತಾಳೆ. ತಾಯಿ ಹೃದ್ರೋಗದಿಂದ ತೀರಿಕೊಂಡದ್ದರಿಂದ ಅವಳಿಗೆ ನಿಜವಾಗಿ ಭಯ. ಪ್ರಖ್ಯಾತ ವೈದ್ಯರು ಎಲ್ಲ ಪರೀಕ್ಷಿಸಿ ಗಂಭೀರವಾಗಿ ಹೇಳುವ ರೋಗದ ಹೆಸರು: ಪ್ರೇಮರೋಗ.

ನಕ್ಕು ನಕ್ಕು ಸಾಕಾಗುವ ಕಂತು. ಎದೆ ಡವಡವ ಎನ್ನುವುದು ಅಡ್ರಿನಲಿನ್ ಕೆಲಸ, ಪರೀಕ್ಷೆ ಹಾಲ್‌ನಲ್ಲೂ ಅದೇ ಆಗುವುದು. ಆದರೆ ಮನಸ್ಸಿನ ಪೆಟ್ಟು ಹೃದಯಕ್ಕೆ ನಿಜವಾಗಿ ಪೆಟ್ಟು ಕೊಡುವ ಒಂದು ಸ್ಥಿತಿ ಇದೆ, ಅದನ್ನು ಮೊದಲು ವರ್ಣಿಸಿ ಹೆಸರಿಟ್ಟವರೂ ಜಪಾನಿನ ವೈದ್ಯರೇ. 1990ರಲ್ಲಿ ಹಿಕಾರು ಸಾಟೊ ಮತ್ತು ಸಂಗಡಿಗರು ಇದನ್ನು 'ತಾಕೊತ್ಸುಬೊ' ಎಂದು ಕರೆದರು. ತಾಕೊತ್ಸುಬೊ ಅಂದರೆ ಅಲ್ಲಿನ ಮೀನುಗಾರರು ಆಕ್ಟೋಪಸ್ ಹಿಡಿಯಲು ಸಮುದ್ರಕ್ಕೆ ಇಳಿಬಿಡುವ ಮಡಕೆ, ಕಿರಿದಾದ ಕತ್ತು, ದುಂಡಗಿನ ಹೊಟ್ಟೆ. ತೀವ್ರ ದುಃಖ ಅಥವಾ ಆಘಾತವಾದಾಗ ಕೆಲವರ ಹೃದಯದ ಎಡ ಕೆಳಕೋಣೆ ದುರ್ಬಲವಾಗಿ ಆ ಮಡಕೆಯಂತೆ ಉಬ್ಬುತ್ತದೆ. ಲಕ್ಷಣಗಳು ಹಾರ್ಟ್ ಅಟ್ಯಾಕ್‌ನಂತೆಯೇ, ಆದರೆ ಅದಕ್ಕೆ ಕಾರಣವಾಗುವಂಥ ಬ್ಲಾಕ್ ರಕ್ತನಾಳದಲ್ಲಿ ಸಿಗುವುದಿಲ್ಲ. ಹೆಚ್ಚಿನವರು ಕೆಲವು ವಾರಗಳಲ್ಲಿ ಸುಧಾರಿಸುತ್ತಾರೆ. ಸಂತೋಷದಿಂದಲೂ ಹೀಗಾಗುವುದುಂಟು: 2016ರ ಒಂದು ಅಧ್ಯಯನದಲ್ಲಿ ಭಾವನೆಯ ಆಘಾತದಿಂದ ಹೀಗಾದ 485 ಜನರಲ್ಲಿ 20 ಜನರಿಗೆ ಕಾರಣ ಖುಷಿಯ ಸಂಗತಿ. ಆದರೆ ಇದು ಹದಿನೇಳರ ಹುಡುಗಿಯರ ಕಾಯಿಲೆಯಲ್ಲ, ಹೆಚ್ಚಾಗಿ ಕಾಣುವುದು ಮುಟ್ಟು ನಿಂತ ಹೆಂಗಸರಲ್ಲಿ.

ಹಾಗಾಗಿ ಮನೆಯಲ್ಲಿ ಸಾವಾದಾಗ, ದೊಡ್ಡ ಜಗಳವಾದಾಗ ಅಮ್ಮನೋ ಅತ್ತೆಯೋ ಎದೆನೋವು ಎಂದರೆ "ಟೆನ್ಷನ್ ಅಷ್ಟೆ, ಮಲಗಿ" ಎನ್ನಬೇಡಿ. ಎದೆ ಹಿಂಡಿದಂತಾಗಿ ನೋವು ದವಡೆ, ತೋಳಿಗೆ ಹರಡಿದರೆ, ಬೆವರು, ಉಸಿರಾಟದ ತೊಂದರೆ ಇದ್ದರೆ 108ಕ್ಕೆ ಫೋನ್ ಮಾಡಿ. ಟೆನ್ಷನ್ನೋ, ಅಟ್ಯಾಕೋ, ಮಡಕೆ ಹೃದಯವೋ ಎಂದು ಮನೆಯಲ್ಲಿ ಕೂತು ಹೇಳಲು ಯಾರಿಂದಲೂ ಆಗದು.

ಈಗ ಬ್ಲಡ್ ಗ್ರೂಪ್

ಜಪಾನಿನ ಪಾತ್ರ ಪರಿಚಯಗಳಲ್ಲಿ ಬ್ಲಡ್ ಗ್ರೂಪ್ ಯಾಕಿರುತ್ತದೆ? ನಮ್ಮಲ್ಲಿ ರಾಶಿ ನಕ್ಷತ್ರ ಕೇಳುತ್ತಾರಲ್ಲ, ಅದಕ್ಕೇ. ಅಲ್ಲಿನ ಜನಪ್ರಿಯ ನಂಬಿಕೆಯ ಪ್ರಕಾರ 'ಎ' ಗುಂಪಿನವರು ಅಚ್ಚುಕಟ್ಟು, ಜವಾಬ್ದಾರಿ, ಸ್ವಲ್ಪ ಚಿಂತೆ ಜಾಸ್ತಿ. 'ಬಿ' ಗುಂಪಿನವರು ತಮಗೆ ತೋಚಿದಂತೆ ಮಾಡುವವರು, ಸ್ವಾರ್ಥಿಗಳು. 'ಓ' ಧಾರಾಳ ಮನಸ್ಸಿನವರು. 'ಎಬಿ' ಒಂಥರಾ, ಅರ್ಥವೇ ಆಗದವರು. 'ಸೈಲರ್ ಮೂನ್'ನ ಅಳುಮುಂಜಿ, ಊಟಪ್ರಿಯೆ, ಆದರೆ ಹೃದಯವಂತೆ ನಾಯಕಿ ಉಸಾಗಿ 'ಓ' ಗುಂಪು. ಓದುವುದರಲ್ಲೇ ಮುಳುಗಿರುವ ಗೆಳತಿ ಆಮಿ 'ಎ'. ಲೇಖಕರು ಆ ಒಂದು ಅಕ್ಷರ ಬರೆದರೆ ಸಾಕು, ಅಲ್ಲಿನ ಓದುಗರಿಗೆ ಅರ್ಧ ಸ್ವಭಾವ ಗೊತ್ತಾದಂತೆ. ನಾಲ್ಕು ಬ್ಲಡ್ ಗ್ರೂಪುಗಳನ್ನೇ ನಾಲ್ಕು ಪಾತ್ರ ಮಾಡಿದ ಕೊರಿಯಾದ ವೆಬ್ ಕಾಮಿಕ್ ಒಂದು 2013ರಲ್ಲಿ ಜಪಾನಿನಲ್ಲಿ ಪುಟ್ಟ ಪುಟ್ಟ ಕಂತುಗಳ ಅನಿಮೆಯೂ ಆಯಿತು.

ಇದು ಪುರಾತನ ಜಪಾನೀ ಜ್ಞಾನ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ರಕ್ತದ ಗುಂಪುಗಳನ್ನು ಕಾರ್ಲ್ ಲ್ಯಾಂಡ್‌ಸ್ಟೈನರ್ ವಿಯೆನ್ನಾದಲ್ಲಿ ಗುರುತಿಸಿದ್ದೇ 1901ರ ಹೊತ್ತಿಗೆ. ಅದಕ್ಕೆ 1930ರಲ್ಲಿ ನೊಬೆಲ್ ಬಂತು. ಟೋಕಿಯೋದ ಶಿಕ್ಷಕ ತಾಕೆಜಿ ಫುರುಕಾವಾ 1927ರಲ್ಲಿ ರಕ್ತದ ಗುಂಪಿಗೂ ಸ್ವಭಾವಕ್ಕೂ ಸಂಬಂಧ ಇದೆ ಎಂದು ಲೇಖನ ಬರೆದರು. ಆಗ ಒಂದಷ್ಟು ಸದ್ದಾಗಿ, ಬೇರೆಯವರ ಪರೀಕ್ಷೆಯಲ್ಲಿ ನಿಲ್ಲದೆ ಮೂಲೆಗೆ ಸೇರಿತು. ಅದನ್ನು ಎಬ್ಬಿಸಿದ್ದು 1971ರಲ್ಲಿ ಬಂದ ಮಸಾಹಿಕೊ ನೊಮಿ ಅವರ ಪುಸ್ತಕ. ಅವರು ವೈದ್ಯರಲ್ಲ, ಬರಹಗಾರ. ಪುಸ್ತಕದ ವಿಷಯ ಯಾರಿಗೆ ಯಾರು ಹೊಂದುತ್ತಾರೆ ಎಂಬುದು. ಆಮೇಲೆ ಟೀವಿ, ಪತ್ರಿಕೆ, ಮಾಂಗಾ ಎಲ್ಲ ಕಡೆ ಅದೇ.

ತಮಾಷೆ ತಮಾಷೆಯಾಗಿಯೇ ಉಳಿಯಲಿಲ್ಲ. ಬ್ಲಡ್ ಗ್ರೂಪ್ ಹಿಡಿದು ಹೀಯಾಳಿಸುವುದಕ್ಕೆ, ಕೆಲಸದಲ್ಲಿ ಬೇರೆ ಮಾಡುವುದಕ್ಕೆ ಜಪಾನೀ ಭಾಷೆಯಲ್ಲಿ ಪ್ರತ್ಯೇಕ ಪದವೇ ಹುಟ್ಟಿತು: 'ಬುರಾಹಾರಾ', ಬ್ಲಡ್ ಹರಾಸ್‌ಮೆಂಟ್‌ನ ಮೊಟಕು. ಇಂಥ ಟೀವಿ ಕಾರ್ಯಕ್ರಮಗಳ ಬಗ್ಗೆ ಎಚ್ಚರ ವಹಿಸಿ ಎಂದು ಅಲ್ಲಿನ ಪ್ರಸಾರ ನೀತಿ ಸಂಸ್ಥೆ 2004ರಲ್ಲಿ ವಾಹಿನಿಗಳಿಗೆ ಹೇಳಬೇಕಾಯಿತು. 2011ರಲ್ಲಿ ಭೂಕಂಪ, ಸುನಾಮಿ ಪುನರ್ನಿರ್ಮಾಣದ ಹೊಣೆ ಹೊತ್ತಿದ್ದ ಸಚಿವ ರ್ಯು ಮತ್ಸುಮೊಟೊ ಒರಟು ಮಾತಾಡಿ ಸಿಕ್ಕಿಬಿದ್ದಾಗ ಕೊಟ್ಟ ಸಮಜಾಯಿಷಿಗಳಲ್ಲಿ ತಾವು 'ಬಿ' ಗುಂಪಿನವರು ಅನ್ನುವುದೂ ಒಂದು. ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟರು. ಭಾರತದಲ್ಲಿ ಹತ್ತರಲ್ಲಿ ಸುಮಾರು ಮೂವರು 'ಬಿ' ಗುಂಪಿನವರು, ಜಪಾನಿಗಿಂತ ಹೆಚ್ಚು. ಅವರ ಲೆಕ್ಕ ನಿಜವಾಗಿದ್ದರೆ ನಾವೆಲ್ಲ ಒಂದೇ ಅಪಾರ್ಟ್‌ಮೆಂಟಿನಲ್ಲಿ ಬದುಕುವುದೇ ಕಷ್ಟವಿತ್ತು.

ವಿಜ್ಞಾನ ಏನು ಹೇಳುತ್ತದೆ? ಜಪಾನಿನ ಮನಃಶಾಸ್ತ್ರಜ್ಞ ಕೆಂಗೊ ನವಾಟಾ 2014ರಲ್ಲಿ ಜಪಾನ್ ಮತ್ತು ಅಮೆರಿಕದ 10,000ಕ್ಕೂ ಹೆಚ್ಚು ಜನರ ಸಮೀಕ್ಷೆಯ ಉತ್ತರಗಳನ್ನು ನೋಡಿದರು. ಒಟ್ಟು 68 ಪ್ರಶ್ನೆ. 65ರಲ್ಲಿ ಬ್ಲಡ್ ಗ್ರೂಪಿನಿಂದ ಗಮನಿಸುವಂಥ ವ್ಯತ್ಯಾಸವೇ ಇಲ್ಲ. ಉಳಿದ ಮೂರರಲ್ಲಿ ಕಂಡದ್ದು ಕೂಡ ಲೆಕ್ಕಕ್ಕೆ ಬಾರದಷ್ಟು ಸಣ್ಣದು. ಎ, ಬಿ, ಓ ಎಂಬುದು ಕೆಂಪು ರಕ್ತಕಣದ ಮೇಲಿರುವ ಸಕ್ಕರೆ ಅಣುಗಳ ವ್ಯತ್ಯಾಸ. ರಕ್ತ ಕೊಡುವಾಗ, ತೆಗೆದುಕೊಳ್ಳುವಾಗ ಅದು ಜೀವದ ಪ್ರಶ್ನೆ. ಸ್ವಭಾವಕ್ಕೂ ಅದಕ್ಕೂ ಸಂಬಂಧವಿಲ್ಲ.

"ಆದರೆ ನನಗೆ ಬರೆದಿದ್ದು ಪಕ್ಕಾ ಹೊಂದುತ್ತೆ!" ಎನ್ನುವವರಿಗೆ 1948ರ ಒಂದು ತರಗತಿಯ ಕಥೆ. ಅಮೆರಿಕದ ಮನಃಶಾಸ್ತ್ರಜ್ಞ ಬರ್ಟ್ರಾಂ ಫೋರರ್ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ನಿಮ್ಮ ನಿಮ್ಮ ಸ್ವಭಾವದ ವಿವರಣೆ ಎಂದು ಚೀಟಿ ಹಂಚಿದರು. ಎಷ್ಟು ಸರಿ ಇದೆ ಎಂದು ಐದಕ್ಕೆ ಅಂಕ ಕೊಡಲು ಹೇಳಿದರು. ಸರಾಸರಿ 4.26 ಬಂತು. ಎಲ್ಲ ಚೀಟಿಯಲ್ಲೂ ಇದ್ದದ್ದು ಒಂದೇ ಬರಹ, ಅದನ್ನು ಜೋಡಿಸಲು ಅವರು ಬಳಸಿದ್ದು ಒಂದು ಜ್ಯೋತಿಷ್ಯದ ಪುಸ್ತಕ.

ಮತ್ತೆ ಅಕ್ಕನ ಮದುವೆ?

ಗಂಡ ಹೆಂಡತಿಯ ಬ್ಲಡ್ ಗ್ರೂಪ್ ಒಂದೇ ಆಗಿದ್ದರೆ ಮಗುವಿಗೆ ಅದರಿಂದ ಏನೂ ಆಗುವುದಿಲ್ಲ. ಫಾರ್ವರ್ಡ್ ಸುಳ್ಳು. ಕನ್ನಡದಲ್ಲಿ 'ಒಂದೇ ರಕ್ತ' ಎಂದರೆ ಹತ್ತಿರದ ನೆಂಟರು ಎಂದೂ ಅರ್ಥ. ಸೋದರಮಾವ, ಅತ್ತೆ ಮಗ ಹೀಗೆ ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಕೆಲವು ಆನುವಂಶಿಕ ಕಾಯಿಲೆಗಳ ಸಾಧ್ಯತೆ ಹೆಚ್ಚುವುದು ನಿಜ. ಆ ಮಾತೇ ತಿರುಚಿ ಬ್ಲಡ್ ಗ್ರೂಪಿಗೆ ಅಂಟಿಕೊಂಡಿರಬಹುದು ಎಂದು ನಮ್ಮ ಊಹೆ. ಪ್ರಪಂಚದಲ್ಲಿ ಕೋಟ್ಯಂತರ ಜನ 'ಓ' ಪಾಸಿಟಿವ್ ಇದ್ದಾರೆ, ಅವರೆಲ್ಲ ನೆಂಟರಲ್ಲ.

ನಿಜವಾಗಿ ನೋಡಬೇಕಾದ್ದು ಪಾಸಿಟಿವ್, ನೆಗೆಟಿವ್ ಭಾಗ, ಅಂದರೆ ಆರ್‌ಎಚ್. ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಆಗಿದ್ದು ಹೊಟ್ಟೆಯಲ್ಲಿರುವ ಮಗುವೂ ಪಾಸಿಟಿವ್ ಆದರೆ, ಮಗುವಿನ ರಕ್ತ ತಾಯಿಗೆ ಸೇರಿದಾಗ ಅವಳ ದೇಹ ಅದರ ವಿರುದ್ಧ ಪ್ರತಿಕಾಯ ತಯಾರಿಸಬಹುದು. ಮೊದಲ ಮಗುವಿಗೆ ಸಾಮಾನ್ಯವಾಗಿ ತೊಂದರೆಯಾಗದು. ಮುಂದಿನ ಮಗುವಿಗೆ ರಕ್ತಹೀನತೆ, ಜೋರು ಕಾಮಾಲೆ, ಕೆಲವೊಮ್ಮೆ ಜೀವಾಪಾಯ. ತಡೆಯಲು ಆಂಟಿ-ಡಿ ಇಂಜೆಕ್ಷನ್ ಇದೆ: ಸುಮಾರು 28ನೇ ವಾರಕ್ಕೊಮ್ಮೆ, ಮಗು ಪಾಸಿಟಿವ್ ಎಂದು ಗೊತ್ತಾದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಮ್ಮೆ. ಗರ್ಭಪಾತವಾದಾಗಲೂ ಇದು ಬೇಕಾಗಬಹುದು, ಡಾಕ್ಟರನ್ನು ಕೇಳಬೇಕು. ಇದನ್ನೇ ಜನ ಮರೆಯುವುದು. ಹಾಗಿದ್ದರೂ ಇದು ಮದುವೆ ಬೇಡ ಎನ್ನಲು ಕಾರಣವಲ್ಲ, ಇಂಜೆಕ್ಷನ್ ಮರೆಯಬೇಡಿ ಎನ್ನಲು ಮಾತ್ರ. ಜಪಾನಿನಲ್ಲಿ ಆರ್‌ಎಚ್ ನೆಗೆಟಿವ್ ಇರುವವರು 200ರಲ್ಲಿ ಒಬ್ಬರು, ನಮ್ಮಲ್ಲಿ 20ರಲ್ಲಿ ಒಬ್ಬರು. ಮೂಗಿನ ರಕ್ತ ಸುರಿಸಿಕೊಂಡ ಸಾಂಜಿಗೆ ರಕ್ತ ಸಿಗುವುದು ಕಷ್ಟವಾಗಲಿ ಎಂದು ಲೇಖಕರು ಅವನಿಗೆ ಆರ್‌ಎಚ್ ನೆಗೆಟಿವ್ ಕೊಟ್ಟದ್ದು ಸುಮ್ಮನೆ ಅಲ್ಲ.

ನಮಗೆ ಬರೆದವರಿಗೆ ನಾವು ಕಳಿಸಿದ ಉತ್ತರ ಇಷ್ಟು: ಅಕ್ಕನೂ ಹುಡುಗನೂ 'ಓ' ಪಾಸಿಟಿವ್, ಹಾಗಾಗಿ ಆಂಟಿ-ಡಿ ಪ್ರಶ್ನೆಯೂ ಬರುವುದಿಲ್ಲ. ಮದುವೆಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಲೇಬೇಕು ಎಂದು ಅಮ್ಮನಿಗೆ ಅನ್ನಿಸಿದರೆ ಥಲಸ್ಸೀಮಿಯಾ ವಾಹಕರೇ ಎಂದು ಇಬ್ಬರಿಗೂ ನೋಡಿಸಿ. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಆ ಕಾಯಿಲೆಯ ಸಾಧ್ಯತೆ ಇರುತ್ತದೆ. ಈ ಪರೀಕ್ಷೆಗೆ ಹಿಮೋಗ್ಲೋಬಿನ್ ಎಚ್‌ಪಿಎಲ್‌ಸಿ ಎನ್ನುತ್ತಾರೆ, ಲ್ಯಾಬ್‌ನಲ್ಲಿ ಆ ಹೆಸರು ಹೇಳಿ ಕೇಳಿ.